ಹಿಂಗಾಲಲ್ಲೇ ಸನಿಕೆ

ಸಕಲೇಶಪುರದಿಂದ ಬೇಲೂರು, ಹಳೇಬೀಡು ದಾಟಿ ಅರಸೀಕೆರೆ ಕಡೆಗೆ ಹೊರಟರೆ ಮಳೆ ಹೆಜ್ಜೆಹೆಜ್ಜೆಗೂ ತೆಳುವಾಗುತ್ತಾ ಹೋಗುತ್ತದೆ. ಬೇಲೂರು ಮಲೆನಾಡಿನ ಸೆರಗು. ಅರಸೀಕೆರೆ ಅಪ್ಪಟ ಬಯಲುಸೀಮೆ. ತೆಂಗು, ರಾಗಿ, ಕೆಮ್ಮಣ್ಣು, ವರ್ಷದಲ್ಲಿ ಬಹುಕಾಲ ತಳ ಕಾಣುವ ಕೆರೆಗಳು. ಕಪ್ಪೆಗಳ ಸಂಸಾರವೂ ಇದೇ ದಾರಿಯಲ್ಲಿ ಬದಲಾಗುತ್ತದೆ. ಸಕಲೇಶಪುರದ ಕಾಫಿ ತೋಟದ ಪೊದೆಗಪ್ಪೆಗೆ ಹೊಂಡವೇ ಬೇಕಿಲ್ಲ. ಗೊದಮೊಟ್ಟೆಯ ಹಂತ ಮೊಟ್ಟೆಯೊಳಗೇ ಮುಗಿದು, ಪುಟಾಣಿ ಕಪ್ಪೆಯೇ ನೇರವಾಗಿ ಹೊರಬರುತ್ತದೆ. ಅಲ್ಲಿನ ತೇವಕ್ಕೆ ಅದು ಸಾಧ್ಯ. ಅರಸೀಕೆರೆಯ ಬಿಸಿಲಿಗೆ ಅಂಥ ಮೊಟ್ಟೆ ಸುಕ್ಕಾಗಿ ಹೋದೀತು. ಇಲ್ಲಿ ಬಾಳಬೇಕಾದ ಕಪ್ಪೆಗೆ ಅಗೆಯಲು ಬರಬೇಕು.

ಅಗೆಯುವ ಕಸುಬಿನಲ್ಲಿ ದೊಡ್ಡ ಹೆಸರು ಮಾಡಿರುವುದು ಅಮೆರಿಕದ ಸ್ಪೇಡ್‌ಫುಟ್ ಕಪ್ಪೆ. ಅದರ ಹಿಂಗಾಲಿನ ಅಂಗಾಲಿನಲ್ಲಿ ಕಪ್ಪನೆಯ, ಅಂಚು ಹರಿತವಾದ, ಸನಿಕೆಯಂಥ ಒಂದು ಗಟ್ಟಿ ಗುಬುಟು ಇದೆ. ನಮ್ಮ ಉಗುರಿನಲ್ಲಿರುವ ಕೆರಾಟಿನ್ನೇ ಅದರಲ್ಲೂ ಇರುವುದು. ಬೆಕ್ಕಿನ ಕಣ್ಣಿನಂತೆ ನೆಟ್ಟಗೆ ಸೀಳಿದ ಪಾಪೆ ಇನ್ನೊಂದು ಗುರುತು. ಅರಿಜೋನಾ, ಮೆಕ್ಸಿಕೋಗಳ ಸೊನೋರಾ ಮರುಭೂಮಿಯಲ್ಲಿರುವ ಕೌಚನ ಸ್ಪೇಡ್‌ಫುಟ್ ವರ್ಷದ ಎಂಟು-ಹತ್ತು ತಿಂಗಳನ್ನು ನೆಲದಡಿಯಲ್ಲೇ ಕಳೆಯುತ್ತದೆ. ಸುತ್ತಲ ಮಣ್ಣು ಒಣಗಿ ತನ್ನ ಮೈನೀರನ್ನೇ ಹೀರತೊಡಗಿದಾಗ ಅದು ಮಾಡುವ ಉಪಾಯ ನೋಡಿ: ಹೊರಹಾಕಬೇಕಾದ ಯೂರಿಯಾವನ್ನು ಮೈಯಲ್ಲೇ ಉಳಿಸಿಕೊಳ್ಳುತ್ತದೆ. ಮೈದ್ರವ ಮಂದವಾದಷ್ಟೂ ನೀರು ಮಣ್ಣಿನ ಪಾಲಾಗುವುದು ತಪ್ಪುತ್ತದೆ.

ಮಳೆ ಬಂದದ್ದು ಅಷ್ಟು ಆಳದಲ್ಲಿ ತಿಳಿಯುವುದು ಹೇಗೆ? ನೀರು ಇಳಿದು ಬಂದು ಎಬ್ಬಿಸುವುದಿಲ್ಲ. ಡಿಮಿಟ್ ಮತ್ತು ರೂಯಿಬಲ್ ಎಂಬ ಸಂಶೋಧಕರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹನಿ ನೀರೂ ಇಲ್ಲದ ಒಣಮಣ್ಣಿನೊಳಗಿದ್ದ ಕಪ್ಪೆಗಳು ಬರೀ ವಿದ್ಯುತ್ ಮೋಟಾರಿನ ನಡುಕಕ್ಕೇ ಎದ್ದು ಬಂದವು. ನೆಲಕ್ಕೆ ಅಪ್ಪಳಿಸುವ ಮಳೆಯ ಸದ್ದೇ ಅವುಗಳ ಪಾಲಿಗೆ ಕರೆ. ಮಳೆಗಾಗಿ ಕಪ್ಪೆಗಳ ಮದುವೆ ಮಾಡಿಸುವ ರೂಢಿ ನಮ್ಮಲ್ಲಿದೆ; ಕಪ್ಪೆಗಳ ಲೆಕ್ಕದಲ್ಲಿ ಮಳೆಯ ಸದ್ದಿಗೆ ಮುಂಚೆ ಮದುವೆಯ ಮಾತೇ ಇಲ್ಲ. ಎದ್ದ ರಾತ್ರಿಯೇ ಗಂಡು ಕೂಗುತ್ತದೆ, ಹೆಣ್ಣು ಮೊಟ್ಟೆ ಇಡುತ್ತದೆ. ನೀರು ಬೆಚ್ಚಗಿದ್ದರೆ ಎಂಟೊಂಬತ್ತು ದಿನಕ್ಕೇ ಗೊದಮೊಟ್ಟೆಗೆ ಕಾಲು ಬಂದು, ಬಾಲ ಕರಗಿ, ಮರಿ ದಡ ಹತ್ತುತ್ತದೆ. ಕಪ್ಪೆ ಲೋಕದಲ್ಲಿ ಇದಕ್ಕಿಂತ ಅವಸರದ ಬಾಲ್ಯ ಸಿಗುವುದು ಕಷ್ಟ.

ಸ್ಪೇಡ್‌ಫುಟ್ ಭಾರತದಲ್ಲಿಲ್ಲ. ಆದರೆ ಅದೇ ಕಸುಬು ಕಲಿತವು ನಮ್ಮಲ್ಲೂ ಇವೆ. ನಮ್ಮ ಬಯಲು ನಾಡಿನ ಬಿಲಗಪ್ಪೆಯ ಶಾಸ್ತ್ರೀಯ ಹೆಸರು ಸ್ಫೇರೋಥೀಕಾ ಬ್ರೆವಿಸೆಪ್ಸ್. 1799ರಲ್ಲೇ ಶ್ನೈಡರ್ ಎಂಬ ಜರ್ಮನ್ ವಿದ್ವಾಂಸ ಇದನ್ನು ವರ್ಣಿಸಿದ್ದ. ಗುಂಡು ಮೈ, ಮೊಂಡು ಮೂತಿ, ಗಿಡ್ಡ ಕಾಲು. ವಂಶದಲ್ಲಿ ಇದು ಗದ್ದೆಯ ಗೋಂಕರು ಕಪ್ಪೆಯ ಬಳಗ. ಅಮೆರಿಕದ್ದಕ್ಕೂ ಇದಕ್ಕೂ ಹತ್ತಿರದ ನೆಂಟಸ್ತಿಕೆ ಏನೇನೂ ಇಲ್ಲ. ಆದರೂ ಹಿಂಗಾಲಲ್ಲಿ ಅದೇ ಸನಿಕೆ. ಒಣನೆಲ ಒಡ್ಡಿದ ಒಂದೇ ಕಷ್ಟಕ್ಕೆ ಎರಡು ಖಂಡಗಳ ಕಪ್ಪೆಗಳು ಬೇರೆಬೇರೆಯಾಗಿ ಕಂಡುಕೊಂಡ ಒಂದೇ ಉತ್ತರ ಇದು.

ಬಿಲಗಪ್ಪೆ ಅಗೆಯುವುದನ್ನು ನೋಡುವುದೇ ಒಂದು ಚೆಂದ. ತಲೆ ಮುಂದಿಟ್ಟು ನುಗ್ಗುವುದಿಲ್ಲ. ಕೂತಲ್ಲೇ ಎಡಗಾಲು, ಬಲಗಾಲು ಎಂದು ಸರದಿಯಂತೆ ಮಣ್ಣನ್ನು ಪಕ್ಕಕ್ಕೆ ತಳ್ಳುತ್ತಾ ಹಿಮ್ಮುಖವಾಗಿ ಇಳಿಯುತ್ತದೆ. ಮೊದಲು ಸೊಂಟ ಮುಳುಗುತ್ತದೆ, ಆಮೇಲೆ ಬೆನ್ನು. ಕೊನೆಗೆ ಎರಡು ಕಣ್ಣು ಮಾತ್ರ ಮಣ್ಣಿನ ಮಟ್ಟದಲ್ಲಿ ಉಳಿದು, ಅವೂ ಮುಚ್ಚಿಹೋಗುತ್ತವೆ. ಸಡಿಲ ಮಣ್ಣು ಮೇಲಿಂದ ತಾನೇ ಕುಸಿಯುವುದರಿಂದ ಬಾಯಿ ತೆರೆದ ಬಿಲ ಕಾಣುವುದಿಲ್ಲ. ಹೊಲ ಉಳುವವರಿಗಲ್ಲದೆ ಬೇರೆಯವರಿಗೆ ಇದರ ಪರಿಚಯ ಕಡಿಮೆ ಇರುವುದು ಅದಕ್ಕೇ.

ಈ ಕಪ್ಪೆಗೆ ಬೇಕಾದ ನೀರು ಯಾವುದು ಎಂಬುದರಲ್ಲಿ ನಾವು ಎಡವುತ್ತೇವೆ. ಹಳೇಬೀಡಿನ ದ್ವಾರಸಮುದ್ರದಂಥ ಹಳೆಯ ದೊಡ್ಡ ಕೆರೆ ಅದರ ಸಂಸಾರಕ್ಕೆ ಆಗಿಬರುವುದಿಲ್ಲ. ಅಲ್ಲಿ ಮೀನಿದೆ, ಮೀನಿಗೆ ಗೊದಮೊಟ್ಟೆ ಊಟ. ಬದುವಿನ ಪಕ್ಕ, ಗಾಡಿಯ ಜಾಡಿನಲ್ಲಿ, ಮಣ್ಣು ತೆಗೆದ ಗುಂಡಿಯಲ್ಲಿ ಕೆಲವೇ ವಾರ ನಿಂತು ಇಂಗಿಹೋಗುವ ಕೆಂಪು ನೀರೇ ಅದರ ತೊಟ್ಟಿಲು. ಕೆರೆ ಹೂಳೆತ್ತಿದರೆ ಎಲ್ಲ ಜೀವಿಗಳಿಗೂ ಒಳಿತು ಎಂದುಕೊಳ್ಳುತ್ತೇವೆ. ಜೆಸಿಬಿ ತಂದು ಹೊಲ ಸಮತಟ್ಟು ಮಾಡಿ ಗುಂಡಿ ಮುಚ್ಚಿಸಿದ್ದರ ಲೆಕ್ಕ ಮಾತ್ರ ಯಾರೂ ಇಡುವುದಿಲ್ಲ.

ಇಂಥ ಕಪ್ಪೆಗಳಲ್ಲಿ ಗುರುತಿಸಲು ಇನ್ನೂ ಎಷ್ಟು ಬಾಕಿ ಇದೆ ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ನಗರದ ಹೊರವಲಯದ ರಾಜಾನುಕುಂಟೆಯ ಪಾಳುನೆಲದಲ್ಲಿ ಸಿಕ್ಕ ಬಿಲಗಪ್ಪೆ ಹೊಸ ಪ್ರಭೇದವೆಂದು ತಿಳಿದು, 2020ರಲ್ಲಿ ಅದಕ್ಕೆ ಸ್ಫೇರೋಥೀಕಾ ಬೆಂಗಳೂರು ಎಂದೇ ಹೆಸರಿಟ್ಟರು.

ಮುಂಗಾರಿನ ಮೊದಲ ಜಡಿಮಳೆಯ ರಾತ್ರಿ ಟಾರ್ಚ್ ಹಿಡಿದು ಹೊಲದ ಕಡೆ ಹೋದವರಿಗೆ ಒಂದು ಸುಳಿವು: ಗುಂಡನೆಯ ಕಪ್ಪೆ ಕಂಡರೆ ಅಂಗಾಲು ನೋಡಿ. ಒಂದೇ ಸನಿಕೆ ಇದ್ದರೆ ಅದು ಬಿಲಗಪ್ಪೆ. ಒಂದೊಂದು ಕಾಲಲ್ಲೂ ಎರಡೆರಡು ಇದ್ದು, ಮುಟ್ಟಿದ ಕೂಡಲೇ ಮೈ ಉಬ್ಬಿಸಿಕೊಂಡರೆ ಅದು ಯೂಪರೋಡಾನ್, ಗೆದ್ದಲು ತಿಂದು ಕೊಬ್ಬುವ ಬಲೂನುಗಪ್ಪೆ.