ನಿಮಗಿದು ಗೊತ್ತೆ? ಮೂರು ದೇಶಕ್ಕೆ ಒಂದೇ ಅನಿಲ ವಲಯ

ಪೈಪ್‌ಲೈನ್‌ನಲ್ಲಿ ಹರಿಯುವ ನೈಸರ್ಗಿಕ ಅನಿಲ ದೇಶದ ಗಡಿ ದಾಟುವಾಗ ಸಾಮಾನ್ಯವಾಗಿ ಸಾಗಣೆ ಶುಲ್ಕ ತೆರಬೇಕು. ಆದರೆ ಫಿನ್ಲೆಂಡ್, ಎಸ್ಟೋನಿಯಾ, ಲಾಟ್ವಿಯಾಗಳ ನಡುವಿನ ಗಡಿಗಳಲ್ಲಿ 2020ರ ಜನವರಿ 1ರಿಂದ ಈ ಶುಲ್ಕವಿಲ್ಲ. ಮೂರೂ ದೇಶಗಳ ಇಂಧನ ನಿಯಂತ್ರಕರು ಒಮ್ಮತಕ್ಕೆ ಬಂದದ್ದರ ಫಲವಿದು. ಅನಿಲ ಹೊರಗಿನಿಂದ ಈ ವಲಯಕ್ಕೆ ಬರುವಾಗ ಒಮ್ಮೆ ಪ್ರವೇಶ ಶುಲ್ಕ ಕಟ್ಟಿದರೆ ಸಾಕು.

* ಫಿನ್ಲೆಂಡ್ ಮತ್ತು ಎಸ್ಟೋನಿಯಾವನ್ನು ಸಮುದ್ರದಡಿ ಜೋಡಿಸುವ 77 ಕಿ.ಮೀ. ಉದ್ದದ ‘ಬಾಲ್ಟಿಕ್ ಕನೆಕ್ಟರ್’ ಕೊಳವೆಯಲ್ಲಿ ವಾಣಿಜ್ಯ ಸಾಗಣೆ ಶುರುವಾದದ್ದೂ ಅದೇ ದಿನ. ಅಲ್ಲಿಯವರೆಗೆ ಫಿನ್ಲೆಂಡ್‌ಗೆ ಪೈಪ್‌ಲೈನ್ ಅನಿಲ ಸಿಗುತ್ತಿದ್ದುದು ರಷ್ಯಾದಿಂದ ಮಾತ್ರ.

* 2022ರ ಮೇ ತಿಂಗಳಲ್ಲಿ ರಷ್ಯಾ ಪೂರೈಕೆ ನಿಲ್ಲಿಸಿದಾಗ ಫಿನ್ಲೆಂಡ್‌ನ ಕೈ ಹಿಡಿದದ್ದು ಇದೇ ಕೊಳವೆ.

* ಬೇಸಿಗೆಯಲ್ಲಿ ಕೊಂಡ ಅನಿಲವನ್ನು ಚಳಿಗಾಲಕ್ಕೆಂದು ಲಾಟ್ವಿಯಾದ ಇನ್ಚುಕಾಲ್ನ್ಸ್‌ನಲ್ಲಿ, ನೆಲದಾಳದ ಮರಳುಗಲ್ಲಿನ ಪದರದಲ್ಲಿ ಕೂಡಿಡುತ್ತಾರೆ. ಬಾಲ್ಟಿಕ್ ದೇಶಗಳಲ್ಲಿ ಇಂಥ ಭೂಗತ ಸಂಗ್ರಹಾಗಾರ ಇದೊಂದೇ.

* ಗಡಿಯಾಚೆಗಿನ ವಿಷಯಗಳಲ್ಲಿ ನಿಯಂತ್ರಕರ ನಡುವೆ ಒಮ್ಮತ ಮೂಡದಿದ್ದರೆ ತೀರ್ಮಾನ ಕೊಡಲು ಐರೋಪ್ಯ ಒಕ್ಕೂಟಕ್ಕೆ ಪ್ರತ್ಯೇಕ ಸಂಸ್ಥೆಯೇ ಇದೆ. ‘ಏಸರ್’ ಎಂಬ ಈ ಸಂಸ್ಥೆ 2011ರಿಂದ ಸ್ಲೊವೇನಿಯಾದ ಲ್ಯುಬ್ಲಿಯಾನಾದಲ್ಲಿ ಕೆಲಸ ಮಾಡುತ್ತಿದೆ.