ಹಳೆಯ ಪದ, ಹೊಸ ಕಂಠ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ತತ್ತ್ವಪದವನ್ನು ಕೇಳದೆ ಬೆಳೆದವರು ವಿರಳವೆಂದೇ ಹೇಳಬೇಕು. ಕೃಷ್ಣಾತೀರದ ತಿಂಥಣಿಯ ಮೌನೇಶ್ವರರು, ಕೊಡೇಕಲ್ಲಿನ ಬಸವಣ್ಣನವರು, ನೆರೆಯ ಕಲಬುರಗಿ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರು, ಇವರ ವಾಣಿಯು ಇಲ್ಲಿ ಬಾಯಿಂದ ಬಾಯಿಗೆ ಇಳಿದು ಬಂದಿರುವುದು. ಅಂಥ ಮನೆಗಳಲ್ಲಿ ಇತ್ತೀಚೆಗೆ ಒಂದು ವಾದವು ತಲೆದೋರಿದೆ. ಅಜ್ಜನು ಭಜನೆಯಲ್ಲಿ ಏಕತಾರಿಯೊಡನೆ ಹಾಡಿದ ಪದವನ್ನೇ ಮೊಮ್ಮಗನು ಮೊಬೈಲಿನಲ್ಲಿ ಗಿಟಾರಿನೊಡನೆ ಕೇಳುವನು. “ಇದು ನಮ್ಮ ಪದ ಅಲ್ಲೋ ತಮ್ಮಾ” ಎಂದು ಅಜ್ಜನು. “ಅದೇ ಪದ ಐತಲ್ಲಾ ಮುತ್ಯಾ” ಎಂದು ಮೊಮ್ಮಗನು. ಇಬ್ಬರಲ್ಲಿ ಯಾರ ಮಾತು ಸರಿ?

ಒಂದು ಉದಾಹರಣೆಯನ್ನು ನೋಡೋಣ. ಶಿಶುನಾಳದ ಶರೀಫಸಾಹೇಬರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಕಳಸದ ಗೋವಿಂದಭಟ್ಟರು ಅವರ ಗುರುಗಳು. ಮನೆಯ ಮಾಳಿಗೆ ಸೋರುವುದನ್ನು ಕುರಿತ ಅವರ ಪದವು ಸರ್ವಶ್ರುತವಾದುದು. ಮಣ್ಣಿನ ಮಾಳಿಗೆಯ ಮನೆಗಳಿರುವ ನಮ್ಮ ಕಡೆಯವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲಕ್ಕೆ ಮೊದಲೇ ಮೇಲೇರಿ ಮಣ್ಣು ಹಾಕಿ ಬಿಗಿಮಾಡದಿದ್ದರೆ ಒಳಗಿದ್ದವರ ಪಾಡೇನು? ಅಜ್ಞಾನದಿಂದ ಶಿಥಿಲವಾದ ಮನಸ್ಸೂ ಅಂತೆಯೇ ಎಂಬುದು ಪದದ ಒಳದನಿ.

ಈ ಪದಗಳು ಭಜನಾಮೇಳಗಳಲ್ಲಿ ಉಳಿದುಕೊಂಡು ಬಂದುವು. ಬಳಿಕ ಸಿ. ಅಶ್ವತ್ಥರು (1939–2009) ಶರೀಫರ ಪದಗಳಿಗೆ ರಾಗಸಂಯೋಜನೆ ಮಾಡಿ, ತಮ್ಮ ಎತ್ತರದ ಕಂಠದಿಂದ ಹಾಡಿ ನಾಡೆಲ್ಲ ಹಬ್ಬಿಸಿದರು. 1990ರಲ್ಲಿ ನಾಗಾಭರಣರು ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೂ ಅವರದೇ ಸಂಗೀತ. ತರುವಾಯ 2008ರಲ್ಲಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ತಮ್ಮ ಮೊದಲ ಧ್ವನಿಮುದ್ರಿಕೆಯಲ್ಲಿ ಈ ಪದವನ್ನೂ ಗುಡುಗುಡಿಯ ಪದವನ್ನೂ ಗಿಟಾರು, ಪಿಟೀಲು, ಡ್ರಮ್ಮುಗಳೊಡನೆ ಹಾಡಿದರು. 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿಯೂ ಅವರ ತಂಡವು ಹಾಡಿತು.

ಹಾಗಾದರೆ ಮೂಲವಾವುದು, ಮರುಗಾಯನವಾವುದು? ಶರೀಫರು ಹಾಡಿದ ಧಾಟಿಯನ್ನು ಸ್ವರಲಿಪಿಯೂ ಹಿಡಿದಿಡಲಿಲ್ಲ, ಯಂತ್ರವೂ ಹಿಡಿದಿಡಲಿಲ್ಲ. ಅಜ್ಜನು ಮೂಲವೆಂದು ನಂಬಿರುವ ಧಾಟಿಯೂ ಯಾವನೋ ಒಬ್ಬ ಗಾಯಕನು ತನ್ನ ಕಾಲದಲ್ಲಿ ಕೂಡಿಸಿಕೊಂಡುದೇ. ಈ ವಿಷಯದಲ್ಲಿ ಮೊಮ್ಮಗನ ಪಕ್ಷವು ಬಲವುಳ್ಳದ್ದು.

ಕಾಯಿದೆಯೂ ಈ ಭೇದವನ್ನು ಅರಿತಿದೆ. ಶರೀಫರ ಸಾಹಿತ್ಯವನ್ನು ಇಂದು ಯಾರೂ ಹಾಡಬಹುದು. ಹೊಸದಾಗಿ ಕಟ್ಟಿದ ರಾಗವಾದರೋ ಕಟ್ಟಿದವನ ಸ್ವತ್ತು. 2012ರ ತಿದ್ದುಪಡಿಯ ಮೇರೆಗೆ, ಸ್ವಾಮ್ಯವುಳ್ಳ ಹಾಡಿನ ಮರುಮುದ್ರಣವನ್ನು ಮೊದಲ ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆಯುವ ಮುನ್ನ ಮಾಡಲಾಗದು. ಮುಂಚಿತವಾಗಿ ತಿಳಿಸಿ ಗೌರವಧನವನ್ನೂ ತೆರತಕ್ಕದ್ದು.

ಆದರೆ ಅಜ್ಜನ ಅಳಲು ಕಾಯಿದೆಯದಲ್ಲ, ಅರ್ಥದ್ದು. ಗುಡುಗುಡಿಯ ಪದದಲ್ಲಿ ಶರೀಫರು ಶರೀರವನ್ನು ಹುಕ್ಕದ ಬುರುಡೆಯೆಂದೂ, ಮೋಹವನ್ನು ಕೊಚ್ಚಿ ಸುಡತಕ್ಕ ಭಂಗಿಯೆಂದೂ ಹೇಳಿದರು. ಅದನ್ನು ಕುಣಿತದ ಲಯದಲ್ಲಿ ಮಾತ್ರ ಕೇಳಿದ ಬಾಲಕನು ಧೂಮಪಾನದ ಹೊಗಳಿಕೆಯೆಂದು ಬಗೆದರೆ ತಪ್ಪು ಗಾಯಕನದಲ್ಲ; ಅರ್ಥವನ್ನು ತಿಳಿಸದೆ ಸುಮ್ಮನಿದ್ದ ಹಿರಿಯರದು. ಭಜನೆಯಲ್ಲಿ ಪದವಾದ ಮೇಲೆ ಅದರ ಅರ್ಥವನ್ನು ಹೇಳುವವನೊಬ್ಬನು ಇರುತ್ತಿದ್ದನು. ಯಂತ್ರದಲ್ಲಿ ಪದ ಬಂದಿತು. ಆ ಮನುಷ್ಯನು ಬರಲಿಲ್ಲ.

ಆದಕಾರಣ ಗೃಹಸ್ಥರಲ್ಲಿ ಒಂದು ಬಿನ್ನಹ. ಮಗನು ಹೊಸ ಹಾಡನ್ನು ಹಚ್ಚಿದಾಗ ಗದರಿಸಿ ನಿಲ್ಲಿಸಬೇಡಿರಿ. ಬಳಿಯಲ್ಲಿ ಕುಳಿತು ಕೇಳಿರಿ. ಅನಂತರ ಅದೇ ಪದವನ್ನು ನಿಮ್ಮ ಧಾಟಿಯಲ್ಲಿ ಹಾಡಿ, ಒಳದನಿಯನ್ನು ಬಿಡಿಸಿ ಹೇಳಿರಿ. ಆ ಮೊಬೈಲಿನಲ್ಲಿಯೇ ನಿಮ್ಮ ಕಂಠವನ್ನು ಮುದ್ರಿಸಿಕೊಳ್ಳಲು ಅವನಿಗೆ ಹೇಳಿರಿ. ಶರೀಫರ ಕಂಠವು ನಮಗೆ ದೊರೆಯದೆ ಹೋಯಿತು. ನಮ್ಮ ಊರಿನ ಮುತ್ಯಾನ ಕಂಠವೂ ಹಾಗೆಯೇ ಕಳೆದುಹೋಗಬೇಕೆ? ಮಾಳಿಗೆಯು ಸೋರತೊಡಗುವ ಮೊದಲೇ ಮೇಲೇರುವುದು ಜಾಣತನವಲ್ಲವೆ?