ಡಾಲರ್ ದುಡಿಮೆ, ದಣಿದ ಮನಸ್ಸು

ಪ್ರಶ್ನೆ: ಅಮೆರಿಕದ ಹೊಲಗಳಲ್ಲಿ ದುಡಿಯುವ ಮೆಕ್ಸಿಕೊ ವಲಸಿಗರನ್ನು ಖಿನ್ನತೆ ಕಾಡುತ್ತದಂತೆ. ಡಾಲರ್ ಸಂಪಾದಿಸುವವರಿಗೆ ಏನು ಕೊರತೆ?

ಉತ್ತರ: ಡಾಲರ್ ಊರಿಗೆ ಹೋಗುತ್ತದೆ, ಆಳು ಅಲ್ಲೇ ಉಳಿಯುತ್ತಾನಲ್ಲ! ಕ್ಯಾಲಿಫೋರ್ನಿಯಾದ ಸಲೀನಾಸ್ ಕಣಿವೆಯಲ್ಲಿ ದಿನವಿಡೀ ಬಗ್ಗಿ ಸ್ಟ್ರಾಬೆರಿ ಕೀಳುವವನಿಗೆ ಹೆಂಡತಿ ಮಕ್ಕಳು ಎಷ್ಟೋ ಸಲ ಫೋನಿನಲ್ಲಷ್ಟೇ ಸಿಗುವುದು. ಕಾಗದಪತ್ರ ಇಲ್ಲದವರಿಗೆ ಗಡೀಪಾರಿನ ಭಯ. ಹಂಗಾಮಿ ಕೃಷಿ ಕೆಲಸದ ಎಚ್-2ಎ ವೀಸಾ ಇದ್ದವರ ಪಾಡೂ ಅಷ್ಟಕ್ಕಷ್ಟೇ: ಅದು ಆಳನ್ನು ಒಬ್ಬ ಮಾಲೀಕನಿಗೆ ಕಟ್ಟಿಹಾಕುತ್ತದೆ, ವಸತಿ ಕೊಡುವವನೂ ಅವನೇ. ಎದುರು ಮಾತಾಡಿದರೆ ಕೆಲಸ, ಸೂರು ಎರಡಕ್ಕೂ ಸಂಚಕಾರ. ವೈದ್ಯರಲ್ಲಿಗೆ ಹೋದರೆ ಎಷ್ಟೋ ಸಲ ಆ ದಿನದ ಕೂಲಿ ಖೋತಾ. ಮಿಶ್ತೆಕ್ ಭಾಷೆ ಮಾತಾಡುವ ಮೆಕ್ಸಿಕೊದ ಮೂಲನಿವಾಸಿಗಳಿಗಂತೂ ಸ್ಪ್ಯಾನಿಷ್ ಕೂಡ ಪರಭಾಷೆ. ನಮ್ಮ ಆಶಾ ಕಾರ್ಯಕರ್ತೆಯರಂತೆ ಅಲ್ಲಿ ‘ಪ್ರೊಮೊತೋರಾ’ಗಳಿದ್ದಾರೆ, ಅದೇ ಸಮುದಾಯದವರು, ಮನೆಬಾಗಿಲಿಗೇ ಬಂದು ಕಷ್ಟಸುಖ ಕೇಳುತ್ತಾರೆ. ವೀಸಾ ನಿಯಮ ಬದಲಿಸುವುದು ಮಾತ್ರ ಅವರ ಕೈಲಿಲ್ಲ.